ಬಂಗಾರ ತೂಗುವ ತೆರಿಗೆ, ಭೂಮಿ ಅಳೆಯುವ ತೆರಿಗೆ: ಗ್ಯಾರಂಟಿಗಳಿಗೆ ದುಡ್ಡು ಯಾವುದರಿಂದ ಬರುತ್ತದೆ?

2012ರ ಏಪ್ರಿಲ್. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಒಂದು ಸಣ್ಣ ಬಂಗಾರದ ಅಂಗಡಿ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಪಾಟ್ಲಿ, ಬಿಲ್ವಾರ, ಬೋರಮಾಳ ಸರ ಒಂದೊಂದಾಗಿ ಏರಿ ಇಳಿಯುತ್ತಿದ್ದವು. ಮೌಲ್ಯಮಾಪಕರು ತೂಕ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಒಡತಿ ಪಕ್ಕದ ಸ್ಟೂಲಿನ ಮೇಲೆ ಕೂತು ತೂಕಕ್ಕಿಂತ ನನ್ನ ಪೆನ್ನನ್ನೇ ಜಾಸ್ತಿ ನೋಡುತ್ತಿದ್ದರು. ಆಗ ನಾನು ಒಬ್ಬ ತೆರಿಗೆ ಸಲಹೆಗಾರರ ಕೈಕೆಳಗೆ ಗುಮಾಸ್ತ. ಮಾರ್ಚ್ 31ರಂದು ಯಾರ ಹತ್ತಿರ ಎಷ್ಟು ಸಂಪತ್ತು ಇತ್ತು ಅಂತ ಲೆಕ್ಕ ಹಾಕಿ ವೆಲ್ತ್ ಟ್ಯಾಕ್ಸ್ (ಸಂಪತ್ತು ತೆರಿಗೆ) ರಿಟರ್ನ್ ತುಂಬುವುದು ನನ್ನ ಕೆಲಸ.

ಆ ಅಜ್ಜಿಯ ಬಂಗಾರ ಸುಮಾರು 28 ಲಕ್ಷ ಆಯಿತು. ವಿದ್ಯಾನಗರದಲ್ಲಿ ಒಂದು ಖಾಲಿ ಸೈಟ್ ಇತ್ತು, ಅದಕ್ಕೆ 40 ಲಕ್ಷ. ಇರುವ ಮನೆಗೆ ವಿನಾಯಿತಿ. ಒಟ್ಟು 68 ಲಕ್ಷದಲ್ಲಿ 30 ಲಕ್ಷದ ಮಿತಿ ಕಳೆದು, ಉಳಿದ 38 ಲಕ್ಷಕ್ಕೆ ಶೇಕಡಾ 1. ತೆರಿಗೆ 38,000 ರೂಪಾಯಿ.

ಅದೇ ವಾರ ಇನ್ನೊಬ್ಬ ಕಕ್ಷಿದಾರರ ಫೈಲು ಬಂತು. ನಾಲ್ಕು ಕೋಟಿಯ ಶೇರು, ಮ್ಯೂಚುವಲ್ ಫಂಡ್, ಜೊತೆಗೆ ಬಾಡಿಗೆಗೆ ಕೊಟ್ಟ ಕಮರ್ಷಿಯಲ್ ಕಾಂಪ್ಲೆಕ್ಸ್. ಅವರ ವೆಲ್ತ್ ಟ್ಯಾಕ್ಸ್ ಸೊನ್ನೆ. ಮೋಸ ಏನೂ ಇರಲಿಲ್ಲ, ಕಾನೂನೇ ಹಾಗಿತ್ತು. 1993ರಿಂದ ಈಚೆಗೆ ಶೇರು, ಬಾಂಡ್, ಆಮೇಲೆ ವ್ಯಾಪಾರದ ಕಾಂಪ್ಲೆಕ್ಸ್ ಎಲ್ಲವೂ ‘ಉತ್ಪಾದಕ ಆಸ್ತಿ’ ಅನ್ನೋ ಹೆಸರಲ್ಲಿ ತೆರಿಗೆಯಿಂದ ಹೊರಗೆ ಇದ್ದವು. ಒಳಗೆ ಉಳಿದದ್ದು ಬಂಗಾರ, ಕಾರು, ಎರಡನೇ ಮನೆ, ಊರೊಳಗಿನ ಖಾಲಿ ಜಾಗ, ವಿಹಾರದ ದೋಣಿ, ವಿಮಾನ. ಹುಬ್ಬಳ್ಳಿಯಲ್ಲಿ ವಿಹಾರದ ದೋಣಿ ಯಾರ ಹತ್ತಿರ ಇತ್ತೋ ಕಾಣೆ. ಉಣಕಲ್ ಕೆರೆಯ ಬೋಟು ಲೆಕ್ಕಕ್ಕೆ ಬರಲ್ಲ ಅಂದುಕೊಂಡಿದ್ದೇನೆ.

ಈಗ ಚಹಾದಂಗಡಿಯಿಂದ ಮದುವೆ ಮನೆಯವರೆಗೆ ಎಲ್ಲಿ ಹೋದರೂ ಒಂದೇ ಚರ್ಚೆ: ಗೃಹಲಕ್ಷ್ಮಿ, ಶಕ್ತಿ, ಅನ್ನಭಾಗ್ಯದಂಥ ರಾಜ್ಯದ ಗ್ಯಾರಂಟಿ ಯೋಜನೆಗಳಿಗೆಲ್ಲ ದುಡ್ಡು ಎಲ್ಲಿಂದ? ಒಬ್ಬರು ‘ಶ್ರೀಮಂತರ ಆಸ್ತಿಗೆ ತೆರಿಗೆ ಹಾಕ್ರಿ, ಮುಗೀತು’ ಅಂತಾರೆ. ಇನ್ನೊಬ್ಬರು ‘ಅದನ್ನ ಮಾಡಿ ನೋಡಿದ್ವಲ್ಲ, ಏನೂ ಬರಲಿಲ್ಲ’ ಅಂತಾರೆ. ಇಬ್ಬರ ಮಾತಿನಲ್ಲೂ ಅರ್ಧ ಮಾತ್ರ ನಿಜ. ಹಾಗಾಗಿ ಎದುರಿಗಿರುವ ದಾರಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡೋಣ ಅಂತ ಕೂತೆ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ದರವನ್ನು ಆಮೇಲೆ ನೋಡುತ್ತೇನೆ, ಮೊದಲು ನೋಡುವುದು ವಿನಾಯಿತಿಯ ಪಟ್ಟಿಯನ್ನು. ಆ ಎರಡು ಫೈಲುಗಳು ಕಲಿಸಿದ ಅಭ್ಯಾಸ ಅದು.

ವರ್ಷವರ್ಷದ ಸಂಪತ್ತು ತೆರಿಗೆ

1956ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಭಾರತಕ್ಕೆ ಬಂದು ಸಲಹೆ ಕೊಟ್ಟರು. 1957ರಲ್ಲಿ ಸಂಪತ್ತು ತೆರಿಗೆ ಕಾಯ್ದೆ ಬಂತು. 2015ರ ಬಜೆಟ್‌ನಲ್ಲಿ ಆಗಿನ ಕೇಂದ್ರ ಹಣಕಾಸು ಮಂತ್ರಿ ಅರುಣ್ ಜೇಟ್ಲಿ ಅದನ್ನು ರದ್ದು ಮಾಡಿದರು. ಅವರು ಕೊಟ್ಟ ಕಾರಣ ನೇರವಾಗಿತ್ತು: 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ರೂಪಾಯಿ, ವಸೂಲಿಯ ಖರ್ಚು ನೋಡಿದರೆ ಇದು ಗಿಟ್ಟಲ್ಲ. ಬದಲಿಗೆ ಕೋಟಿ ಮೀರಿದ ಆದಾಯದವರಿಗೆ ತೆರಿಗೆಯ ಮೇಲೆ ಶೇ 2 ಹೆಚ್ಚುವರಿ ಸರ್‌ಚಾರ್ಜ್ ಹಾಕಿದರೆ ಸುಮಾರು 9,000 ಕೋಟಿ ಬರುತ್ತದೆ ಅಂದರು.

1,008 ಕೋಟಿ ಅಂದರೆ ಎಷ್ಟು? ಕರ್ನಾಟಕ 2024-25ರ ಬಜೆಟ್‌ನಲ್ಲಿ ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ ಇಟ್ಟಿತ್ತು. ಭಾಗಿಸಿ ನೋಡಿ. ಇಡೀ ದೇಶದ ಒಂದು ವರ್ಷದ ವೆಲ್ತ್ ಟ್ಯಾಕ್ಸ್ ನಮ್ಮ ಒಂದು ರಾಜ್ಯದ ಒಂದು ಯೋಜನೆಗೆ 13 ದಿನಕ್ಕೂ ಸರಿಯಾಗಿ ಸಾಲದು. ಆಗಿನ ರೂಪಾಯಿಗೆ ಈಗಿನ ಬೆಲೆ ಕಟ್ಟಿದರೂ ಒಂದು ತಿಂಗಳು ದಾಟಲ್ಲ.

ಇಷ್ಟು ಕೇಳಿದ ಮೇಲೆ ‘ನೋಡಿದ್ರಾ, ಇದು ಬರಡು ಎಮ್ಮೆ’ ಅಂತ ಎದ್ದು ಹೋಗುವವರೇ ಹೆಚ್ಚು. ಆದರೆ ಆ ಎಮ್ಮೆಗೆ ಮೇವು ಹಾಕಿದ್ದರೇ? ದೇಶದ ದೊಡ್ಡ ಶ್ರೀಮಂತರ ಸಂಪತ್ತು ಇರುವುದು ಕಂಪನಿಯ ಶೇರುಗಳಲ್ಲಿ. ಅದನ್ನೇ ಹೊರಗಿಟ್ಟು ಅಜ್ಜಿಯ ಬೋರಮಾಳ ತೂಗಿದರೆ 1,008 ಕೋಟಿಗಿಂತ ಜಾಸ್ತಿ ಎಲ್ಲಿಂದ ಬರಬೇಕು?

ಇನ್ನೊಂದು ತುದಿಯ ಲೆಕ್ಕ ಹೀಗಿದೆ. ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಮತ್ತು ಸಂಗಡಿಗರ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್ 2024ರಲ್ಲಿ ಭಾರತಕ್ಕೊಂದು ಪ್ರಸ್ತಾವ ಮುಂದಿಟ್ಟಿತು. 10 ಕೋಟಿ ಮೀರಿದ ನಿವ್ವಳ ಸಂಪತ್ತಿಗೆ ವರ್ಷಕ್ಕೆ ಶೇ 2, ಅಂಥವರು ತೀರಿಕೊಂಡಾಗ ಶೇ 33 ವಾರಸುದಾರಿಕೆ ತೆರಿಗೆ. ಎರಡೂ ಸೇರಿ ಜಿಡಿಪಿಯ (ದೇಶದ ವರ್ಷದ ಒಟ್ಟು ಉತ್ಪನ್ನದ) ಶೇ 2.73 ಬರುತ್ತದೆ, ತೆರಿಗೆ ಬೀಳುವುದು ವಯಸ್ಕರಲ್ಲಿ ಶೇ 0.04 ಜನಕ್ಕೆ ಮಾತ್ರ ಅಂತ ಅವರ ಅಂದಾಜು. ನಮ್ಮ ಜಿಡಿಪಿ ಸುಮಾರು 330 ಲಕ್ಷ ಕೋಟಿ ಅಂತ ಹಿಡಿದರೆ ಇದು 9 ಲಕ್ಷ ಕೋಟಿ. ಕರ್ನಾಟಕದ 2025-26ರ ಇಡೀ ಬಜೆಟ್ 4,09,549 ಕೋಟಿ. ಅದರ ಎರಡು ಪಟ್ಟಿಗೂ ಜಾಸ್ತಿ!

ಈ ಲೆಕ್ಕವನ್ನು ನಮ್ಮ ಓಣಿಗೆ ತಂದು ನೋಡೋಣ. ಕೇಶ್ವಾಪುರದಲ್ಲಿ 15 ಕೋಟಿಯ ಆಸ್ತಿ ಇರುವ ಒಬ್ಬರು ಇದ್ದಾರೆ ಅನ್ನಿ. 10 ಕೋಟಿ ಬಿಟ್ಟು ಉಳಿದ 5 ಕೋಟಿಗೆ ಶೇ 2, ಅಂದರೆ ವರ್ಷಕ್ಕೆ 10 ಲಕ್ಷ. ಗೃಹಲಕ್ಷ್ಮಿ ಒಬ್ಬ ಮಹಿಳೆಗೆ ವರ್ಷಕ್ಕೆ 24,000. ಆ ಒಂದು ಮನೆಯ ತೆರಿಗೆ 41 ಮಹಿಳೆಯರ ವರ್ಷದ ಹಣ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಈಗ ಅದೇ ಮನೆಯ ಒಳಗೆ ಹೋಗಿ. 15 ಕೋಟಿಯೆಲ್ಲ ಅಜ್ಜ ಕಟ್ಟಿಸಿದ ಬಂಗಲೆ ಮತ್ತು ಅದರ ಅಂಗಳದ ಬೆಲೆಯೇ ಆಗಿದ್ದರೆ? ಇರುವವರು ಪಿಂಚಣಿ ಮೇಲೆ ಬದುಕುವ ಗಂಡಹೆಂಡತಿ. ಪ್ರತಿ ವರ್ಷ 10 ಲಕ್ಷ ಎಲ್ಲಿಂದ ತರಬೇಕು? ಕಾಂಪೌಂಡಿನ ಕಲ್ಲು ಕಿತ್ತು ಕೊಡೋಕಾಗುತ್ತಾ? ಇದಕ್ಕೆ ಮದ್ದಿದೆ. ತೆರಿಗೆಯನ್ನು ಮನೆ ಮಾರುವ ದಿನದವರೆಗೆ ಬಡ್ಡಿ ಸಮೇತ ಮುಂದೂಡಬಹುದು. ಆದರೆ ಮುಂದೂಡಿದ ದುಡ್ಡು ಈ ತಿಂಗಳ 2,000 ರೂಪಾಯಿ ಆಗಿ ಯಾರ ಖಾತೆಗೂ ಬೀಳಲ್ಲ.

ಹೊರಗಿನ ಅನುಭವ ಏನು ಹೇಳುತ್ತದೆ? ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ 1990ರಲ್ಲಿ 12 ದೇಶಗಳು ಈ ತೆರಿಗೆ ಹಾಕುತ್ತಿದ್ದವು. 2017ಕ್ಕೆ ಉಳಿದದ್ದು ನಾಲ್ಕು: ಫ್ರಾನ್ಸ್, ನಾರ್ವೆ, ಸ್ಪೇನ್, ಸ್ವಿಟ್ಜರ್‌ಲ್ಯಾಂಡ್. ಮರುವರ್ಷ ಫ್ರಾನ್ಸ್ ಕೂಡ ಅದನ್ನು ಸ್ಥಿರಾಸ್ತಿಗಷ್ಟೇ ಇಳಿಸಿತು. ಆ ನಾಲ್ಕರಲ್ಲಿ 2016ರ ಗಳಿಕೆ ಜಿಡಿಪಿಯ ಶೇ 0.2ರಿಂದ ಶೇ 1ರವರೆಗೆ. ಶೇ 1 ಮುಟ್ಟಿದ್ದು ಸ್ವಿಟ್ಜರ್‌ಲ್ಯಾಂಡ್. ಅಲ್ಲಿನ ಮಜಾ ಏನಂದರೆ, ಸಾಮಾನ್ಯ ಹೂಡಿಕೆದಾರ ಶೇರು ಮಾರಿ ಲಾಭ ಮಾಡಿದರೆ ಆ ಲಾಭಕ್ಕೆ ತೆರಿಗೆ ಇಲ್ಲ. ಒಂದು ಕೈಯಲ್ಲಿ ಬಿಟ್ಟದ್ದನ್ನು ಇನ್ನೊಂದು ಕೈಯಲ್ಲಿ ಹಿಡಿಯುತ್ತಾರೆ. ನಾವು ಶೇರಿನ ದೀರ್ಘಾವಧಿ ಲಾಭಕ್ಕೆ 2024ರ ಜುಲೈನಿಂದ ಶೇ 12.5 ತೆಗೆದುಕೊಳ್ಳುತ್ತಿದ್ದೇವೆ. ಅದರ ಮೇಲೆ ಇದನ್ನೂ ಹಾಕಿದಾಗ ಸ್ವಿಸ್ ಲೆಕ್ಕ ಹಾಗೇ ಕೈಗೆ ಬರುತ್ತದೆ ಅಂದುಕೊಳ್ಳಬಾರದು.

ಆದರೂ ಸ್ವಲ್ಪ ಆಸೆ ಇಟ್ಟುಕೊಂಡು ಶೇ 1 ಅಂತಲೇ ಹಿಡಿಯೋಣ. ಭಾರತಕ್ಕೆ ಅದು 3.3 ಲಕ್ಷ ಕೋಟಿ. ಕೇಂದ್ರ ಸರ್ಕಾರ 2025-26ರಲ್ಲಿ ಉದ್ಯೋಗ ಖಾತ್ರಿಗೆ ಇಟ್ಟದ್ದು 86,000 ಕೋಟಿ, ಆಹಾರ ಸಬ್ಸಿಡಿಗೆ ಸುಮಾರು 2 ಲಕ್ಷ ಕೋಟಿ. ಅಂದರೆ ಈ ಎರಡನ್ನೂ ಪೂರ್ತಿ ಹೊರುವಷ್ಟು ದುಡ್ಡು. ಕಡಿಮೆಯೇನಲ್ಲ. ಆದರೆ ಆಸ್ಪತ್ರೆ, ಶಾಲೆ, ಪಿಂಚಣಿ, ಮನೆ ಎಲ್ಲವನ್ನೂ ಇದೊಂದರ ಮೇಲೆ ಹೇರಿದರೆ ಗಾಡಿ ಮೊದಲ ಏರಿನಲ್ಲೇ ನಿಲ್ಲುತ್ತದೆ.

ಹುಬ್ಬಳ್ಳಿಗೆ ಬರುವಷ್ಟರಲ್ಲಿ

ಇಲ್ಲಿ ಒಂದು ಸಂಗತಿ ಚರ್ಚೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಸಂಪತ್ತು ತೆರಿಗೆ ಹಾಕುವ ಅಧಿಕಾರ ಬೆಂಗಳೂರಿಗಿಲ್ಲ. ಸಂವಿಧಾನದ ಕೇಂದ್ರ ಪಟ್ಟಿಯ 86ನೇ ನಮೂದು ಅದನ್ನು ದೆಹಲಿಗೆ ಕೊಟ್ಟಿದೆ. ಗ್ಯಾರಂಟಿಗಳ ಖರ್ಚು ರಾಜ್ಯದ್ದು, 2025-26ರಲ್ಲಿ ಸುಮಾರು 51,000 ಕೋಟಿ. ಹಾಗಾದರೆ ದೆಹಲಿಯ ತೆರಿಗೆಯಲ್ಲಿ ನಮ್ಮ ಪಾಲೆಷ್ಟು?

2025-26ರವರೆಗೆ ಇದ್ದ 15ನೇ ಹಣಕಾಸು ಆಯೋಗದ ಸೂತ್ರ ತೆಗೆದುಕೊಳ್ಳಿ. ಹಂಚುವ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೆ ಶೇ 41, ಅದರಲ್ಲಿ ಕರ್ನಾಟಕಕ್ಕೆ ಶೇ 3.647 ಇತ್ತು. ಆ ಲೆಕ್ಕದಲ್ಲಿ 3.3 ಲಕ್ಷ ಕೋಟಿ ಬಂದರೆ ನಮಗೆ ಸಿಗುವುದು 5,000 ಕೋಟಿಗೆ ಸ್ವಲ್ಪ ಕಡಿಮೆ. ಗೃಹಲಕ್ಷ್ಮಿಗೆ ತಿಂಗಳಿಗೆ ಸುಮಾರು 2,400 ಕೋಟಿ ಬೇಕು. ಅಂದರೆ ಎರಡು ತಿಂಗಳು. ಪಿಕೆಟ್ಟಿಯವರ 9 ಲಕ್ಷ ಕೋಟಿಯೇ ಬಂದರೂ ಆರು ತಿಂಗಳು ತುಂಬಲ್ಲ.

ಸರ್‌ಚಾರ್ಜ್ ಕಥೆ ಇನ್ನೂ ಬೇರೆ. ಸರ್‌ಚಾರ್ಜ್ ಮತ್ತು ಸೆಸ್ (ಒಂದು ಕೆಲಸದ ಹೆಸರಿನಲ್ಲಿ ಎತ್ತುವ ಕರ) ರಾಜ್ಯಗಳಿಗೆ ಹಂಚುವ ರಾಶಿಗೆ ಸೇರುವುದೇ ಇಲ್ಲ, ಪೂರ್ತಿ ಕೇಂದ್ರದ್ದು. 2015ರಲ್ಲಿ ವೆಲ್ತ್ ಟ್ಯಾಕ್ಸ್ ತೆಗೆದು ಸರ್‌ಚಾರ್ಜ್ ತಂದಾಗ ‘ಸಾವಿರ ಕೋಟಿ ಬಿಟ್ಟು ಒಂಬತ್ತು ಸಾವಿರ ಕೋಟಿ’ ಅಂತ ಎಲ್ಲರೂ ತಲೆದೂಗಿದರು. ನಾನೂ ತೂಗಿದೆ, ತುಂಬಬೇಕಾದ ಫಾರಂ ಒಂದು ಕಮ್ಮಿ ಆಯ್ತಲ್ಲ ಅಂತ. ರಾಜ್ಯದ ಕಡೆಯಿಂದ ನೋಡಿದರೆ ಹಂಚಬೇಕಾದ ಒಂದು ತೆರಿಗೆ ಹೋಗಿ ಹಂಚಬೇಕಿಲ್ಲದ ಒಂದು ವಸೂಲಿ ಬಂದಿತ್ತು. ವಸೂಲಿ ಸಲೀಸು ಅನ್ನುವುದಾದರೆ ಆದಾಯ ತೆರಿಗೆಯ ಮೇಲಿನ ಸರ್‌ಚಾರ್ಜ್‌ಗೆ ಸಾಟಿ ಇಲ್ಲ. ತೂಗುವ ಕೆಲಸ ಇಲ್ಲ, ಬೆಲೆ ಕಟ್ಟುವ ಜಗಳ ಇಲ್ಲ. ಆದರೆ ಶೇರು ಬೆಳೆಸುತ್ತಾ, ಮಾರದೆ ಕೂತವರನ್ನು ಅದು ಮುಟ್ಟುವುದಿಲ್ಲ. ಆದಾಯ ತೋರಿಸಿದರೆ ತಾನೇ ಸರ್‌ಚಾರ್ಜ್?

ಸತ್ತ ಮೇಲಿನ ತೆರಿಗೆ

2024ರ ಲೋಕಸಭಾ ಚುನಾವಣೆಯಲ್ಲಿ ವಾರಸುದಾರಿಕೆ ತೆರಿಗೆಯ ಮಾತು ಎದ್ದಾಗ ಅದು ಎಲ್ಲೋ ಅಮೆರಿಕದ ಕಲ್ಪನೆ ಅನ್ನೋ ಹಾಗೆ ಮಾತಾಡಿದರು. ನಮ್ಮಲ್ಲೇ 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಇತ್ತು. ಮೇಲಿನ ದರ ಶೇ 85! ಕೊನೆಗೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 20 ಕೋಟಿ. ವಿ.ಪಿ. ಸಿಂಗ್ ಹಣಕಾಸು ಮಂತ್ರಿ ಆಗಿದ್ದಾಗ ತೆಗೆದುಹಾಕಿದರು.

ಶೇ 85 ದರ, ಬಂದದ್ದು 20 ಕೋಟಿ. ದರ ಏರಿಸಿದರೆ ದುಡ್ಡು ಬರುತ್ತದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಅವಿಭಕ್ತ ಕುಟುಂಬದ ಹೆಸರಿನಲ್ಲಿ ಆಸ್ತಿ ಹಂಚಿಹೋಗುತ್ತಿತ್ತು. ದಾನಪತ್ರ ಮಾಡಿಸಿ ಮಕ್ಕಳಿಗೆ ಮೊದಲೇ ಕೊಟ್ಟುಬಿಡುತ್ತಿದ್ದರು. ಆ ಕಂಡಿ ಮುಚ್ಚಲಿಕ್ಕೆ 1958ರಲ್ಲಿ ದಾನ ತೆರಿಗೆ ತಂದರು, 1998ರಲ್ಲಿ ಅದೂ ಹೋಯಿತು. ಈಗ ಅಪ್ಪ ಮಗನಿಗೆ ಮನೆ ದಾನಪತ್ರ ಮಾಡಿಕೊಟ್ಟರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುದ್ರಾಂಕದ ಖರ್ಚು ಕೆಲವೇ ಸಾವಿರ.

ಜಪಾನ್‌ನಲ್ಲಿ ಇವತ್ತಿಗೂ ವಾರಸುದಾರಿಕೆ ತೆರಿಗೆಯ ಮೇಲಿನ ದರ ಶೇ 55, ಬ್ರಿಟನ್‌ನಲ್ಲಿ ಶೇ 40. ನನ್ನ ಮಟ್ಟಿಗೆ ವರ್ಷವರ್ಷದ ತೆರಿಗೆಗಿಂತ ಇದು ವಾಸಿ. ತಲೆಮಾರಿಗೆ ಒಂದೇ ಸಲ ಬೆಲೆ ಕಟ್ಟಿದರೆ ಸಾಕು, ಪಿಂಚಣಿದಾರ ದಂಪತಿಯ ನಿದ್ದೆ ಕೆಡುವುದಿಲ್ಲ. ಆದರೆ ದಾನ ತೆರಿಗೆ ಜೊತೆಗೆ ಬರಬೇಕು, ಅವಿಭಕ್ತ ಕುಟುಂಬದ ಕಂಡಿ ಮುಚ್ಚಬೇಕು. ಇಲ್ಲದಿದ್ದರೆ ಸುಮ್ನೆ ವಕೀಲರಿಗೆ ಕೆಲಸ. ತಿಂಗಳು ತಿಂಗಳು ಹಣ ಹಾಕುವ ಯೋಜನೆಗೆ ಇದನ್ನು ನೆಚ್ಚಿಕೊಳ್ಳುವುದೂ ಕಷ್ಟ. ಯಾವ ವರ್ಷ ಯಾವ ಕುಬೇರ ತೀರಿಕೊಳ್ಳುತ್ತಾನೆ ಅಂತ ಬಜೆಟ್ ಬರೆಯೋಕಾಗಲ್ಲ.

ಓಡಿಹೋಗದ ಆಸ್ತಿ

ನಾರ್ವೆ ತೆರಿಗೆ ಏರಿಸಿದಾಗ ಅಲ್ಲಿನ ಕೆಲವು ಶ್ರೀಮಂತರು ಸ್ವಿಟ್ಜರ್‌ಲ್ಯಾಂಡಿಗೆ ಮನೆ ಬದಲಿಸಿದರು. ಗೋಕುಲ ರಸ್ತೆಯ ಕಾಂಪ್ಲೆಕ್ಸ್ ಎಲ್ಲಿಗೂ ಹೋಗುವುದಿಲ್ಲ. ರಾಜ್ಯ ಪಟ್ಟಿಯ 49ನೇ ನಮೂದಿನಲ್ಲಿ ಭೂಮಿ ಮತ್ತು ಕಟ್ಟಡದ ತೆರಿಗೆ ರಾಜ್ಯದ್ದೇ. ನಾವು ಅದನ್ನು ನೋಡುವುದು ಪಾಲಿಕೆಯ ಆಸ್ತಿ ತೆರಿಗೆಯ ಚಲನ್‌ನಲ್ಲಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಎಲ್ಲರೂ ಸಾಲು ಹಚ್ಚುತ್ತೇವಲ್ಲ, ಅದೇ. ಆ ಚಲನ್ ಒಮ್ಮೆ ಸರಿಯಾಗಿ ಓದಿ ನೋಡಿ. ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ ಅಂತ ಸಾಲುಗಳಿವೆ. ಆಸ್ತಿಯಿಂದ ತೆಗೆದು ಸಮಾಜಕ್ಕೆ ಹಾಕುವ ಪದ್ಧತಿ ನಮ್ಮ ಜೇಬಿನಲ್ಲೇ ಇದೆ, ಬಹಳ ಸಣ್ಣ ಅಕ್ಷರದಲ್ಲಿ.

ಇದರ ಜೀವ ಇರುವುದು ಮಾರ್ಗಸೂಚಿ ದರದಲ್ಲಿ, ಅಂದರೆ ಜಾಗಕ್ಕೆ ಸರ್ಕಾರ ಗೊತ್ತುಮಾಡುವ ಬೆಲೆಯಲ್ಲಿ. ನಿಜವಾದ ಬೆಲೆಗೂ ಸರ್ಕಾರದ ದರಕ್ಕೂ ಅಂತರ ಇದ್ದಷ್ಟು ದಿನ ತೆರಿಗೆ ಸೋರುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯ ಆ ದರ ಏರಿಸಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು. ನೋಂದಣಿ ಮತ್ತು ಮುದ್ರಾಂಕದಿಂದ 2025-26ಕ್ಕೆ 28,000 ಕೋಟಿಯ ಗುರಿ, ಹೆಚ್ಚುಕಡಿಮೆ ಗೃಹಲಕ್ಷ್ಮಿಯಷ್ಟೇ. ಆದರೆ ಅದು ಕೊಳ್ಳುವವರ ಮೇಲೆ ಬೀಳುತ್ತದೆ. ಮೊದಲ ಮನೆ ತೆಗೆದುಕೊಳ್ಳುವ ನವನಗರದ ಮಾಸ್ತರರೂ ಕೊಡುತ್ತಾರೆ, ಮೂವತ್ತು ವರ್ಷದಿಂದ ನಾಲ್ಕು ಸೈಟ್ ಖಾಲಿ ಇಟ್ಟುಕೊಂಡವರು ಕೊಡುವುದಿಲ್ಲ. (ಅದೇ ವರ್ಷ ಅಬಕಾರಿಯ, ಅಂದರೆ ಮದ್ಯದ ತೆರಿಗೆಯ, ಗುರಿ 40,000 ಕೋಟಿ. ‘ಗಂಡ ಕೊಟ್ಟದ್ದನ್ನ ಹೆಂಡತಿ ಇಸಗೊಂಡ್ಳು’ ಅಂತ ಹಳ್ಳಿ ಕಡೆ ನಗುತ್ತಾರೆ. ಲೆಕ್ಕದಲ್ಲಿ ಅದು ನಗೆಯ ಮಾತಲ್ಲ.)

ಇನ್ನು ಹೊಲ. ಹಳೇ ವೆಲ್ತ್ ಟ್ಯಾಕ್ಸ್ ಕಾಲದಲ್ಲಿ ಊರಂಚಿನ ಜಾಗದ ಫೈಲು ಬಂದರೆ ನಮ್ಮ ಸಾಹೇಬರು ಮೊದಲು ಕೇಳುತ್ತಿದ್ದದ್ದು ಉತಾರ (ಪಹಣಿ). ಉತಾರದಲ್ಲಿ ಹೆಸರುಕಾಳು, ಜೋಳ, ಕಡಲೆ ಅಂತ ಬೆಳೆಯ ಕಾಲಂ ತುಂಬಿದ್ದರೆ ಅವರ ಮುಖ ಅರಳುತ್ತಿತ್ತು. 2013ರಲ್ಲಿ ಕಾನೂನೇ ತಿದ್ದುಪಡಿಯಾಗಿ, ದಾಖಲೆಯಲ್ಲಿ ಕೃಷಿ ಭೂಮಿ ಅಂತ ಇದ್ದು ಸಾಗುವಳಿಯೂ ನಡೆದಿದ್ದರೆ ಅದು ನಗರ ಭೂಮಿಯ ಲೆಕ್ಕಕ್ಕೆ ಬರುವುದಿಲ್ಲ ಎಂದಾಯಿತು. ಅದೂ 1993ರಿಂದಲೇ ಅನ್ವಯ. ಬೈಪಾಸ್ ಪಕ್ಕದ ಎರಡು ಎಕರೆ, ಲೇಔಟ್ ಆಗಲು ಕಾಯುತ್ತಾ ಕೋಟಿ ಕೋಟಿ ಬಾಳುವ ಜಾಗ, ಕಾಗದದಲ್ಲಿ ಹೆಸರುಕಾಳು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಈಗ ಶೇರಿಗೆ ತೆರಿಗೆ ಹಾಕಿ ಹೊಲಕ್ಕೆ ವಿನಾಯಿತಿ ಕೊಟ್ಟರೆ ಏನಾಗುತ್ತದೆ ಅಂತ ಹೇಳೋಕೆ ಅರ್ಥಶಾಸ್ತ್ರ ಬೇಕಾಗಿಲ್ಲ. ದುಡ್ಡು ಕಲಘಟಗಿ ಕಡೆಗೆ ಹೊರಡುತ್ತದೆ. ಕೊಳ್ಳುವ ರೈತನಿಗೆ ಎಕರೆಯ ಬೆಲೆ ಇನ್ನೂ ಏರುತ್ತದೆ. ರೈತರ ಹೆಸರು ಹೇಳಿ ಕೊಟ್ಟ ವಿನಾಯಿತಿ ರೈತನನ್ನೇ ಹೊಲದಿಂದ ಹೊರಗೆ ಹಾಕುತ್ತದೆ. 10 ಕೋಟಿಯ ಮಿತಿ ಇಟ್ಟರೆ ನವಲಗುಂದದ ಎರೆ ಹೊಲದಲ್ಲಿ ಹತ್ತು ಎಕರೆ ಕಡಲೆ ಬಿತ್ತುವವರು ಅದರ ಹತ್ತಿರಕ್ಕೂ ಬರುವುದಿಲ್ಲ. ಕೃಷಿ ಭೂಮಿಯನ್ನೂ ಸೇರಿಸಿ ಸಂಪತ್ತು ತೆರಿಗೆ ಹಾಕಲು ಸಂಸತ್ತಿಗೆ ಅಧಿಕಾರ ಇದೆ ಅಂತ 1971ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನ ಅಡ್ಡಿ ಇಲ್ಲ, ಧೈರ್ಯದ ಕೊರತೆ ಇದೆ.

ಎಲ್ಲರ ಜೇಬಿನಿಂದ

ಜಿಎಸ್‌ಟಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎಲ್ಲರೂ ಕೊಡುತ್ತಿದ್ದೇವೆ. 2024-25ರಲ್ಲಿ ದೇಶದ ಒಟ್ಟು ಸಂಗ್ರಹ 22.08 ಲಕ್ಷ ಕೋಟಿ. ನನ್ನ ಆಸೆಯ ಸಂಪತ್ತು ತೆರಿಗೆಯ ಆರು ಪಟ್ಟಿಗೂ ಮೇಲೆ. ಎಡಪಂಥದ ಗೆಳೆಯರು ಸ್ವೀಡನ್, ಡೆನ್ಮಾರ್ಕ್ ಅಂತ ಉದಾಹರಣೆ ಕೊಡುವಾಗ ಒಂದು ಮಾತು ನುಂಗಿಕೊಳ್ಳುತ್ತಾರೆ. ಸ್ವೀಡನ್ ವಾರಸುದಾರಿಕೆ ತೆರಿಗೆಯನ್ನು 2004ರಲ್ಲಿ, ಸಂಪತ್ತು ತೆರಿಗೆಯನ್ನು 2007ರಲ್ಲಿ ಕೈಬಿಟ್ಟಿತು. ಅಲ್ಲಿನ ದೊಡ್ಡ ಯೋಜನೆಗಳನ್ನು ಹೊರುವುದು ಎಲ್ಲರೂ ಕೊಡುವ ಆದಾಯ ತೆರಿಗೆ ಮತ್ತು ಶೇ 25ರ ಮಾರಾಟ ತೆರಿಗೆ. ಆದರೆ ಅಲ್ಲಿ ಕೊಟ್ಟವನಿಗೆ ಆಸ್ಪತ್ರೆ, ಶಾಲೆ ಕಣ್ಣೆದುರು ಕಾಣುತ್ತದೆ. ವಾರಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುವ ಓಣಿಯವರಿಗೆ ‘ಇನ್ನೂ ಸ್ವಲ್ಪ ಕೊಡಿ’ ಅಂತ ಯಾವ ಮುಖ ಇಟ್ಟುಕೊಂಡು ಕೇಳುವುದು?

ಯಾವುದಕ್ಕೆ ಯಾವುದು

ತಿಂಗಳು ತಿಂಗಳು ತಪ್ಪದೆ ಹಣ ಹಾಕಬೇಕಾದ ಯೋಜನೆ ನಿಮ್ಮ ಮನಸ್ಸಿನಲ್ಲಿದ್ದರೆ ಸಂಪತ್ತು ತೆರಿಗೆಯನ್ನು ಅದಕ್ಕೆ ಕಟ್ಟಬೇಡಿ. ಶೇರು ಪೇಟೆ ಬಿದ್ದ ವರ್ಷ ತೆರಿಗೆಯೂ ಬೀಳುತ್ತದೆ. ಅಂಥದಕ್ಕೆ ಜಿಎಸ್‌ಟಿ, ಆದಾಯ ತೆರಿಗೆಯಂಥ ಅಗಲವಾದ ತೆರಿಗೆಯೇ ಸರಿ. ಒಮ್ಮೆ ಕಟ್ಟಿ ಮುಗಿಸುವ ಕೆಲಸ, ಅಂದರೆ ಜಿಲ್ಲಾಸ್ಪತ್ರೆಯ ಹೊಸ ವಾರ್ಡು, ಹಾಸ್ಟೆಲು, ನೀರಿನ ಕೊಳವೆ, ಇವಕ್ಕೆ ಸಂಪತ್ತು ಮತ್ತು ವಾರಸುದಾರಿಕೆ ತೆರಿಗೆ ಚೆನ್ನಾಗಿ ಹೊಂದುತ್ತವೆ. ಒಂದು ವರ್ಷ ಕಮ್ಮಿ ಬಂದರೆ ಕಟ್ಟಡ ಆರು ತಿಂಗಳು ತಡವಾದೀತು, ಯಾರ ಒಲೆಯೂ ಆರುವುದಿಲ್ಲ. ರಾಜ್ಯ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವವರು ದೆಹಲಿಯ ಕಡೆ ನೋಡುವುದು ಬಿಟ್ಟು ಖಾಲಿ ಸೈಟ್ ಮತ್ತು ದೊಡ್ಡ ಕಟ್ಟಡಗಳ ತೆರಿಗೆಯನ್ನು ನಿಜವಾದ ಬೆಲೆಗೆ ತರುವ ಬಗ್ಗೆ ಮಾತಾಡಲಿ. ಅದು ಪಾಲಿಕೆಯ ಸದಸ್ಯರಿಗೆ ಬೇಡವಾದ ಮಾತು, ಗೊತ್ತು.

ಮತ್ತೆ ಯಾರಾದರೂ ಸಂಪತ್ತು ತೆರಿಗೆಯ ಕರಡು ತಂದರೆ ಮೊದಲ ಪುಟದ ದರ ಬಿಟ್ಟು ಹಿಂದಿನ ಅನುಬಂಧ ತೆಗೆಯಿರಿ. ಶೇರು ಒಳಗಿದೆಯೇ? ಹೊಲ ಒಳಗಿದೆಯೇ? ಕುಟುಂಬದ ಟ್ರಸ್ಟ್ ಒಳಗಿದೆಯೇ? ಮೂರಕ್ಕೂ ‘ಇಲ್ಲ’ ಅಂತ ಇದ್ದರೆ ಅದು 1,008 ಕೋಟಿಯ ಹಳೇ ಕಥೆಯ ಎರಡನೇ ಭಾಗ.

ಆ ಅಜ್ಜಿ ಈಗಲೂ ಏಪ್ರಿಲ್‌ನಲ್ಲಿ ಸೈಟಿನ ತೆರಿಗೆ ಕಟ್ಟಲು ನನ್ನನ್ನು ಕರೆಯುತ್ತಾರೆ. ಹೋದ ಸಲ ಟಿವಿಯಲ್ಲಿ ಏನೋ ಚರ್ಚೆ ಕೇಳಿದ್ದರು. ಚಹಾ ಕೊಡುತ್ತಾ ಕೇಳಿದರು: “ಮತ್ತ ಬಂಗಾರ ತೂಗಾಕ ಬರ್ತೀರೇನಪಾ?”

“ಇಲ್ಲ ಅಜ್ಜಿ, ಹತ್ತು ಕೋಟಿ ಮ್ಯಾಲೆ ಇದ್ದವರಿಗಷ್ಟ ಅಂತಾರ. ನಿಮ್ಮ ಪಾಟ್ಲಿ ನಿಮ್ಮ ಕೈಯಾಗ ಇರತಾವ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಶೇರಿನವ್ರದ್ದು?” ಅಂದರು. ಅವರ ಫೈಲಿನ ಸುದ್ದಿ ಈ ಮನೆಗೆ ಹೇಗೆ ಗೊತ್ತಾಯಿತೋ! ನಾನಂತೂ ಹೇಳಿರಲಿಲ್ಲ.